ಸಭೆಯವರ ಸಹಾಯ ತಗೊಳ್ಳುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಸಹಾಯ ಮಾಡುವುದರ ಬಗ್ಗೆ ಚರ್ಚಿನಲ್ಲಿ ಎಷ್ಟೋ ಪ್ರಸಂಗ ಕೇಳಿರುತ್ತೇವೆ. ಸಹಾಯ ತಗೊಳ್ಳುವುದರ ಬಗ್ಗೆ ಕೇಳಿದ್ದು ತೀರಾ ಕಡಿಮೆ. ಹಾಗಾಗಿ ಕಾಯಿಲೆ, ಸಾಲ, ಸಾವು, ಕೆಲಸ ಹೋಗುವುದು ಇಂಥದ್ದೇನಾದರೂ ಬಂದಾಗ ವರ್ಷಗಟ್ಟಲೆ ಸಭೆಗೆ, ಅಂದರೆ ಚರ್ಚಿನ ಬಳಗಕ್ಕೆ, ದುಡಿದವರೂ ಬಾಗಿಲು ಹಾಕಿಕೊಂಡು ಕೂತುಬಿಡುತ್ತಾರೆ. ಅಂಥವರು ಕೇಳುವ ಪ್ರಶ್ನೆಗಳು ಇಲ್ಲಿವೆ. ಕೆಲವಕ್ಕೆ ಉತ್ತರ ಉದ್ದ ಇದೆ, ಕೆಲವಕ್ಕೆ ನಾಲ್ಕೇ ಮಾತು. ನಿಮಗೆ ಬೇಕಾದ್ದನ್ನು ಮೊದಲು ಓದಿ.

ನನಗಿಂತ ಜಾಸ್ತಿ ಕಷ್ಟದಲ್ಲಿರುವವರು ಇದ್ದಾರೆ. ನಾನು ತಗೊಂಡರೆ ಅವರ ಪಾಲು ಕಿತ್ತುಕೊಂಡ ಹಾಗೆ ಆಗಲ್ವಾ?

ಹಣದ ವಿಷಯದಲ್ಲಿ ಈ ಲೆಕ್ಕ ಸ್ವಲ್ಪ ಮಟ್ಟಿಗೆ ಸರಿ. ಸಭೆಯ ನಿಧಿಯಲ್ಲಿ ಇರುವುದು ಇಷ್ಟೇ ಅಂತ ಇರುತ್ತದೆ. ಆದರೆ ಹೆಚ್ಚಿನ ಸಹಾಯ ಹಣದ್ದಲ್ಲ. ಆಸ್ಪತ್ರೆಯಲ್ಲಿ ಒಂದು ರಾತ್ರಿ ಜೊತೆಗಿರುವುದು, ಮಕ್ಕಳನ್ನು ಶಾಲೆಯಿಂದ ಕರೆತರುವುದು, ಅರ್ಜಿ ತುಂಬಿಕೊಡುವುದು, ಇಂಥದ್ದೇ ಜಾಸ್ತಿ. ಹತ್ತಿರದಲ್ಲೇ ಇರುವ ಒಬ್ಬರು ನಿಮಗಾಗಿ ಒಂದು ಗಂಟೆ ಕೊಟ್ಟರೆ ಅದು ಬೇರೆ ಯಾರಿಂದಲೋ ಕಿತ್ತುಕೊಂಡದ್ದಲ್ಲ. ನೀವು ಬೇಡ ಅಂದ ಮಾತ್ರಕ್ಕೆ ಆ ಗಂಟೆ ಇನ್ನೊಬ್ಬ ಬಡವರಿಗೆ ಹೋಗಿ ಸೇರುವುದೂ ಇಲ್ಲ.

ಕಷ್ಟಕ್ಕೆ ರ್‍ಯಾಂಕ್ ಕೊಡುತ್ತಾ ಹೋದರೆ ಕೊನೆಗೆ ಕೇಳುವ ಹಕ್ಕು ಒಬ್ಬರಿಗೇ ಉಳಿಯುತ್ತದೆ. ಅವರೂ ಇನ್ಯಾರನ್ನೋ ತೋರಿಸಿ ಸುಮ್ಮನಾಗುತ್ತಾರೆ. ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಅಪೊಸ್ತಲ ಪೌಲನು ಹಣ ಕೂಡಿಸುತ್ತಿದ್ದಾಗ ಕೊರಿಂಥದವರಿಗೆ ಬರೆದದ್ದನ್ನು ನೋಡಿ (2 ಕೊರಿಂಥ 8:14). ಈಗ ನಿಮ್ಮಲ್ಲಿ ಜಾಸ್ತಿ ಇರುವುದು ಅವರ ಕೊರತೆ ತುಂಬಲಿ, ಮುಂದೆ ಅವರಲ್ಲಿ ಜಾಸ್ತಿ ಇರುವುದು ನಿಮ್ಮ ಕೊರತೆ ತುಂಬಲಿ ಅನ್ನುವುದು ಅವನ ಮಾತಿನ ತಿರುಳು. ಕೊರಿಂಥದವರು ಆಗ ಕೊಡುವ ಜಾಗದಲ್ಲಿದ್ದರು. ನೀವೂ ಒಂದು ದಿನ ತಗೊಳ್ಳುವ ಕಡೆಗೆ ಬರಬಹುದು ಅಂತ ಕಾಣಿಕೆ ಕೇಳುವ ಹೊತ್ತಿನಲ್ಲೇ ಅವನು ಹೇಳಿಬಿಟ್ಟ.

ತಗೊಳ್ಳುವುದಕ್ಕಿಂತ ಕೊಡುವುದೇ ಹೆಚ್ಚಿನ ಭಾಗ್ಯ ಅಂತ ಬೈಬಲ್ಲೇ ಹೇಳುತ್ತದಲ್ಲ?

ಹೇಳುತ್ತದೆ. ಅಪೊಸ್ತಲರ ಕೃತ್ಯಗಳು 20:35. ಆದರೆ ಯಾರಿಗೆ ಹೇಳಿದ್ದು ಅಂತ ನೋಡಬೇಕು. ಪೌಲನು ಎಫೆಸದ ಸಭೆಯ ಹಿರಿಯರನ್ನು ಕರೆಸಿ ಬೀಳ್ಕೊಡುವಾಗ ಯೇಸುವಿನ ಈ ಮಾತನ್ನು ನೆನಪಿಸಿದ. ಅಧಿಕಾರ ಇರುವವರಿಗೆ, ಬಲ ಇಲ್ಲದವರನ್ನು ನೋಡಿಕೊಳ್ಳಿ ಅಂತ ಹೇಳುವ ಸಂದರ್ಭ ಅದು. ಹಾಸಿಗೆ ಹಿಡಿದವರ ತಲೆಯ ಹತ್ತಿರ ನಿಂತು ಹೇಳಿದ್ದಲ್ಲ.

ಅದೂ ಅಲ್ಲದೆ ಯೇಸು ತಾನೇ ತಗೊಳ್ಳುತ್ತಿದ್ದ. ಲೂಕ 8ನೇ ಅಧ್ಯಾಯದ ಮೊದಲ ಮೂರು ವಚನ ಓದಿ. ಮಗ್ದಲದ ಮರಿಯಳು, ಹೆರೋದನ ಮೇಲ್ವಿಚಾರಕನ ಹೆಂಡತಿ ಯೋಹಾನ್ನಳು, ಸುಸನ್ನಳು, ಇನ್ನೂ ಅನೇಕ ಹೆಂಗಸರು ತಮ್ಮ ಆಸ್ತಿಯಿಂದ ಅವನಿಗೂ ಶಿಷ್ಯರಿಗೂ ಉಪಚಾರ ಮಾಡುತ್ತಿದ್ದರು. ಸಮಾರ್ಯದ ಬಾವಿಯ ಹತ್ತಿರ ಆ ಹೆಂಗಸಿನ ಜೊತೆ ಅವನ ಮಾತು ಶುರುವಾದದ್ದೇ ಕುಡಿಯಲು ನೀರು ಕೇಳಿ. ಯೆರೂಸಲೇಮಿಗೆ ಬಂದಾಗ ಕೂತ ಕತ್ತೆ ಬೇರೆಯವರದು. ಹೂತಿಟ್ಟ ಸಮಾಧಿಯೂ ಬೇರೆಯವರದು.

ಇಷ್ಟನ್ನೂ ಓದಿದವರು ಕೂಡ "ಅವರು ದೇವರ ಮಗ, ನಮ್ಮ ವಿಷಯ ಬೇರೆ" ಅಂತಾರೆ. ನನಗೆ ಈ ತರ್ಕ ಅರ್ಥವೇ ಆಗುವುದಿಲ್ಲ. ಅವನೇ ಬೇರೆಯವರ ಕೈಯಿಂದ ತಗೊಂಡ ಅಂದಮೇಲೆ ನಮಗೆ ಯಾಕೆ ಬಿಗುಮಾನ?

ಹೇಳಿದ ಮಾತನ್ನೇ ಸ್ವಲ್ಪ ಬಗೆದು ನೋಡಿ. ಕೊಡುವುದು ಭಾಗ್ಯ ಅಂದರೆ ಆ ಭಾಗ್ಯ ಸಿಗಲು ಒಬ್ಬರು ತಗೊಳ್ಳಲೇಬೇಕು. ಎಲ್ಲರೂ ಕೊಡುವವರೇ ಆಗಿ, ತಗೊಳ್ಳುವವರು ಯಾರೂ ಇಲ್ಲದ ಸಭೆಯಲ್ಲಿ ಕೊಟ್ಟದ್ದು ಹೋಗುವುದಾದರೂ ಎಲ್ಲಿಗೆ?

ಪ್ರತಿಯೊಬ್ಬನು ತನ್ನ ಹೊರೆ ತಾನೇ ಹೊರಬೇಕು ಅಂತಲೂ ಇದೆಯಲ್ಲ?

ಗಲಾತ್ಯ 6:5. ಅದೇ ಅಧ್ಯಾಯದಲ್ಲಿ ಮೂರು ವಚನ ಹಿಂದೆ, ಒಬ್ಬರ ಭಾರವನ್ನು ಒಬ್ಬರು ಹೊತ್ತುಕೊಳ್ಳಿ ಅಂತಲೂ ಇದೆ. ಒಂದೇ ಕೈ ಬರೆದದ್ದು, ಒಂದೇ ಉಸಿರಿನಲ್ಲಿ. ತನ್ನ ನಡತೆಗೆ, ತನ್ನ ತೀರ್ಮಾನಕ್ಕೆ ತಾನೇ ಜವಾಬ್ದಾರ ಅನ್ನುವುದು ಒಂದು. ಒಬ್ಬರ ಕೈಲಿ ಆಗದಷ್ಟು ಭಾರ ಬಿದ್ದಾಗ ನಾಲ್ಕು ಜನ ಕೈ ಹಾಕುವುದು ಇನ್ನೊಂದು.

ಬಳಸಲು ಸುಲಭವಾದ ಅಳತೆ ಬೇಕಾದರೆ ಹೀಗೆ ನೋಡಿ. ಈ ಕೆಲಸ ನಾನೇ ಮಾಡಿದರೆ ಸುಸ್ತಾಗುತ್ತೇನಾ, ಮುರಿದುಬೀಳುತ್ತೇನಾ? ಸುಸ್ತು ಅಷ್ಟೇ ಆದರೆ ಮಾಡಿಕೊಳ್ಳಿ. ಮುರಿದುಬೀಳುವ ಹಾಗಿದ್ದರೆ ಕೇಳಿ. ಮುರಿದುಬೀಳುವವರೆಗೂ ಕಾದು ಆಮೇಲೆ ಕೇಳುವುದು ಸಭೆಗೂ ಕಷ್ಟ. ಆಗ ಒಂದು ಗಂಟೆಯ ಕೆಲಸ ಒಂದು ತಿಂಗಳ ಕೆಲಸವಾಗಿರುತ್ತದೆ.

"ಏನಾದರೂ ಬೇಕಿದ್ದರೆ ಹೇಳಿ" ಅಂತ ಎಲ್ಲರೂ ಹೇಳುತ್ತಾರೆ. ಏನು ಹೇಳಬೇಕು ಅಂತಲೇ ಗೊತ್ತಾಗಲ್ಲ.

ಅವರೂ ಸುಳ್ಳು ಹೇಳುತ್ತಿಲ್ಲ, ನೀವೂ ಸೋಗು ಹಾಕುತ್ತಿಲ್ಲ. ಆದರೆ ಆ ಮಾತಿನಿಂದ ಕೆಲಸ ಮಾತ್ರ ನಡೆಯುವುದಿಲ್ಲ. ತಲೆ ಕೆಟ್ಟಿರುವ ಹೊತ್ತಿನಲ್ಲಿ ಏನು ಬೇಕು ಅಂತ ಹುಡುಕುವ ಹೊಣೆಯೂ ನಿಮ್ಮ ಮೇಲೆಯೇ ಬೀಳುತ್ತದೆ.

ಕುರುಡ ಬಾರ್ತಿಮಾಯನು ದಾರಿ ಪಕ್ಕದಲ್ಲಿ ಕೂತು ಕರುಣಿಸು ಅಂತ ಕೂಗಿದಾಗ ಯೇಸು ಅವನನ್ನು ಕರೆಸಿ, ನಾನು ನಿನಗೆ ಏನು ಮಾಡಬೇಕು ಅಂತ ಕೇಳಿದ (ಮಾರ್ಕ 10:51). ಕಣ್ಣಿಲ್ಲ ಅನ್ನುವುದು ನೋಡಿದವರಿಗೆಲ್ಲ ಕಾಣುತ್ತಿತ್ತು. ಆದರೂ ಕೇಳಿದ. ಅವನೂ ನೇರವಾಗಿ, ನನಗೆ ಕಣ್ಣು ಕಾಣಬೇಕು ಅಂದ. ಕರುಣಿಸು ಅನ್ನುವುದು ಯಾರು ಬೇಕಾದರೂ ಹೇಳುವ ಮಾತು. ಕಣ್ಣು ಬೇಕು ಅನ್ನುವುದು ಅವನೊಬ್ಬನ ಬೇಡಿಕೆ.

ನಿಮ್ಮದೂ ಹಾಗೇ ಇರಲಿ. ಯಾವ ಕೆಲಸ, ಯಾವ ದಿನ, ಎಷ್ಟು ಹೊತ್ತು, ಈ ಮೂರನ್ನು ಹೇಳಿ. "ತುಂಬ ಕಷ್ಟ ಆಗ್ತಿದೆ" ಅಂದರೆ ಕೇಳಿದವರು ಪ್ರಾರ್ಥನೆ ಮಾಡುತ್ತೇವೆ ಅಂತ ಹೇಳಿ ಹೋಗುತ್ತಾರೆ. ಅವರಿಗೆ ಬೇರೆ ಏನು ಮಾಡಬೇಕೋ ತಿಳಿಯುವುದಿಲ್ಲ. "ಮಂಗಳವಾರ ಬೆಳಗ್ಗೆ ಅಮ್ಮನನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಬೇಕು, ನನಗೆ ರಜೆ ಇಲ್ಲ, ಹತ್ತರಿಂದ ಹನ್ನೆರಡು ಗಂಟೆವರೆಗೆ ಯಾರಾದರೂ ಜೊತೆಗೆ ಹೋಗಬಹುದಾ" ಅಂದರೆ ಆಗುತ್ತೆ, ಆಗಲ್ಲ ಎರಡರಲ್ಲಿ ಒಂದು ಉತ್ತರ ತಕ್ಷಣ ಬರುತ್ತದೆ.

ಫೋನಿನಲ್ಲಿ ಅಥವಾ ಒಂದು ಚೀಟಿಯಲ್ಲಿ ಸಣ್ಣ ಪಟ್ಟಿ ಇಟ್ಟುಕೊಳ್ಳಿ. ಬಟ್ಟೆ ಒಗೆಯುವುದು, ಔಷಧಿ ತರುವುದು, ಬಿಲ್ ಕಟ್ಟುವುದು, ಊಟ, ಮಕ್ಕಳ ಹೋಮ್‌ವರ್ಕ್, ಮನೆಯಲ್ಲಿ ಸುಮ್ನೆ ಒಂದು ಗಂಟೆ ಕೂತಿರುವುದು, ಹೀಗೆ. ಯಾರಾದರೂ ಏನು ಬೇಕು ಅಂದಾಗ ಪಟ್ಟಿ ನೋಡಿ ಒಂದನ್ನು ಹೇಳಿದರಾಯಿತು. ಇನ್ನೂ ಒಳ್ಳೆಯದು, ಆ ಪಟ್ಟಿಯನ್ನು ಸಭೆಯ ಒಬ್ಬ ಸ್ನೇಹಿತರ ಕೈಗೆ ಕೊಟ್ಟುಬಿಡಿ. ಕೇಳಿದವರಿಗೆಲ್ಲ "ಅವರ ಹತ್ತಿರ ಮಾತಾಡಿ" ಅನ್ನಿ. ಅವರು ಹಂಚುತ್ತಾರೆ. ಇದರಿಂದ ಒಂದೇ ದಿನ ಮೂರು ಮನೆಯಿಂದ ಊಟ ಬಂದು, ಉಳಿದ ದಿನ ಯಾರೂ ಇಲ್ಲ ಅನ್ನುವ ಹಾಗೆ ಆಗುವುದೂ ತಪ್ಪುತ್ತದೆ.

ಊಟದ ವಿಷಯ ಬಂದಾಗ, ಮನೆಯಲ್ಲಿ ಯಾರಿಗೆ ಏನು ಆಗುವುದಿಲ್ಲ ಅಂತ ಮೊದಲೇ ಹೇಳಿ. ಅದು ಸೊಕ್ಕು ಅಲ್ಲ. ತಂದದ್ದು ಹಾಗೇ ಉಳಿದರೆ ತಂದವರಿಗೆ ಜಾಸ್ತಿ ಬೇಜಾರು.

ಯಾರ ಹತ್ತಿರ ಕೇಳಬೇಕು? ಎಲ್ಲದಕ್ಕೂ ಪಾಸ್ಟರ್ ಹತ್ತಿರವೇ ಹೋಗಬೇಕಾ?

ಬೇಕಿಲ್ಲ. ಎಲ್ಲವೂ ಪಾಸ್ಟರ್ ತಲೆಗೆ ಬರುವ ಸಭೆಯಲ್ಲಿ ಯಾವುದೂ ಸರಿಯಾಗಿ ಆಗುವುದಿಲ್ಲ. ಇಸ್ರಾಯೇಲ್ಯರ ಮುಂದಾಳು ಮೋಶೆ ಬೆಳಗಿನಿಂದ ಸಂಜೆವರೆಗೆ ಒಬ್ಬನೇ ಕೂತು ಜನರ ವ್ಯಾಜ್ಯ ತೀರಿಸುವುದನ್ನು ಕಂಡು ಅವನ ಮಾವ ಇತ್ರೋ, ನೀನು ಮಾಡುವುದು ಸರಿಯಲ್ಲ, ನೀನೂ ಸೊರಗುತ್ತೀಯ ಜನರೂ ಸೊರಗುತ್ತಾರೆ ಅಂದ. ಸಾವಿರಕ್ಕೆ, ನೂರಕ್ಕೆ, ಐವತ್ತಕ್ಕೆ, ಹತ್ತಕ್ಕೆ ಒಬ್ಬೊಬ್ಬರನ್ನು ನೇಮಿಸು ಅಂತ ಹೇಳಿಕೊಟ್ಟ (ವಿಮೋಚನಕಾಂಡ 18). ಮೊದಲ ಸಭೆಯಲ್ಲೂ ಇದೇ ತೊಂದರೆ ಬಂತು. ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಹಂಚಿಕೆಯಲ್ಲಿ ಸರಿಯಾಗಿ ಸಿಗುತ್ತಿಲ್ಲ ಅಂತ ಗೊಣಗಾಟ ಎದ್ದಿತು. ಅಪೊಸ್ತಲರು ಅದನ್ನು ತಮ್ಮ ಮೇಲೆ ಹಾಕಿಕೊಳ್ಳದೆ ಏಳು ಜನರನ್ನು ಆರಿಸಲು ಹೇಳಿದರು (ಅಪೊಸ್ತಲರ ಕೃತ್ಯಗಳು 6). ಅದರಲ್ಲಿ ಒಬ್ಬ ಸ್ತೆಫನ. ಅವನ ಹೆಸರಿನಲ್ಲೇ 1975ರಲ್ಲಿ ಅಮೆರಿಕದಲ್ಲಿ ಸ್ಟೀಫನ್ ಮಿನಿಸ್ಟ್ರೀಸ್ ಅನ್ನುವ ಸಂಸ್ಥೆ ಶುರುವಾಯಿತು. ಪಾಸ್ಟರ್ ಅಲ್ಲದ ಸಾಮಾನ್ಯ ಸದಸ್ಯರಿಗೆ ತರಬೇತಿ ಕೊಟ್ಟು, ಕಷ್ಟದಲ್ಲಿರುವ ಒಬ್ಬರ ಜೊತೆ ಒಬ್ಬರಂತೆ ಇರಲು ಕಳಿಸುವುದು ಅವರ ಪದ್ಧತಿ.

ನಿಮ್ಮ ಸಭೆಯಲ್ಲಿ ಭೇಟಿಗೆ ಹೋಗುವ ತಂಡ, ಸಭಾಸೇವಕರು, ಮನೆಗಳಲ್ಲಿ ನಡೆಯುವ ಕೂಟದ ಮುಖ್ಯಸ್ಥರು ಇದ್ದರೆ ಅಲ್ಲಿಂದ ಶುರು ಮಾಡಿ. ಇಲ್ಲದಿದ್ದರೆ ಒಬ್ಬರನ್ನು ನೀವೇ ಆರಿಸಿಕೊಳ್ಳಿ. ಆರಿಸುವಾಗ ಅವರು ಎಷ್ಟು ಚೆನ್ನಾಗಿ ಪ್ರಾರ್ಥಿಸುತ್ತಾರೆ ಅನ್ನುವುದಕ್ಕಿಂತ ಬೇರೆಯವರ ವಿಷಯ ನಿಮ್ಮ ಹತ್ತಿರ ಎಷ್ಟು ಆಡಿದ್ದಾರೆ ಅಂತ ನೆನಪಿಸಿಕೊಳ್ಳಿ. ಏನೂ ಆಡಿಲ್ಲದವರು ನಿಮ್ಮ ವಿಷಯವನ್ನೂ ಆಡುವುದಿಲ್ಲ.

ಹೇಳಿದರೆ ಸಭೆಗೆಲ್ಲ ಗೊತ್ತಾಗುತ್ತದೆ ಅನ್ನುವ ಭಯ.

ಈ ಭಯಕ್ಕೆ ಕಾರಣ ಇದೆ. ಪ್ರಾರ್ಥನೆ ವಿನಂತಿ ಅಂತ ಹೆಸರಿಟ್ಟು ಚಾಡಿ ಹೇಳುವುದು ಬಹಳ ಸಭೆಗಳಲ್ಲಿ ನಡೆಯುತ್ತದೆ. "ಇವರಿಗಾಗಿ ತುಂಬ ಪ್ರಾರ್ಥಿಸಬೇಕು" ಅಂತ ಶುರುವಾಗಿ ಮನೆಯ ಒಳಗಿನದೆಲ್ಲ ಹೊರಗೆ ಬಂದಿರುತ್ತದೆ. ದೇವರಿಗೆ ಅಷ್ಟೊಂದು ವಿವರ ಬೇಕಾಗಿಲ್ಲ, ಅವನಿಗೆ ಮೊದಲೇ ಗೊತ್ತಿದೆ. ವಿವರ ಬೇಕಾಗಿರುವುದು ಕೇಳುವ ಕಿವಿಗಳಿಗೆ.

ಹಾಗಾಗಿ ವಿಷಯ ಹೇಳುವ ಮೊದಲೇ ಗೆರೆ ಎಳೆಯಿರಿ. ಹೇಳಿ ಮುಗಿದ ಮೇಲೆ ಎಳೆದರೆ ತಡವಾಗಿರುತ್ತದೆ. "ನಾನು ಈಗ ಹೇಳುವುದು ನಿಮ್ಮ ಹತ್ತಿರವೇ ಇರಬೇಕು, ಮನೆಯವರ ಹತ್ತಿರ ಕೂಡ ಬೇಡ, ಆಗುತ್ತಾ?" ಅಂತ ಕೇಳಿ, ಆಗುತ್ತೆ ಅಂದ ಮೇಲೆ ಮುಂದುವರಿಸಿ. ತಡವರಿಸಿದರೆ ಬೇರೆಯವರನ್ನು ನೋಡಿ.

ಸಭೆಗೆ ಏನನ್ನು ತಿಳಿಸಬಹುದು ಅಂತ ಒಂದು ಸಾಲು ನೀವೇ ಬರೆದುಕೊಡಿ. "ಒಂದು ಆಪರೇಷನ್ ಇದೆ, ಎರಡು ವಾರ ಮನೆಯಲ್ಲಿರುತ್ತಾರೆ, ಊಟ ಕಳಿಸುವವರು ಇಂಥವರನ್ನು ಕೇಳಿ." ಅಷ್ಟು ಸಾಕು. ಯಾವ ಆಪರೇಷನ್ ಅನ್ನುವುದು ಯಾರಿಗೂ ಬೇಕಿಲ್ಲ. ಯಾರಾದರೂ ಕೆದಕಿದರೆ "ಡಾಕ್ಟರ್ ನೋಡ್ತಿದ್ದಾರೆ, ಪ್ರಾರ್ಥನೆ ಮಾಡಿ" ಅಂದು ಮಾತು ಬದಲಿಸಿ. ಬರೆದುಕೊಟ್ಟ ಸಾಲು ಇಲ್ಲದಿದ್ದರೆ ಸಭೆ ತಾನೇ ಒಂದು ಸಾಲು ಕಟ್ಟಿಕೊಳ್ಳುತ್ತದೆ. ಅದು ನಿಮಗೆ ಇಷ್ಟವಾಗುವ ಸಾಲಾಗಿರುವುದಿಲ್ಲ.

ವಾಟ್ಸ್ಯಾಪ್ ಗುಂಪಿನಲ್ಲಿ ಮಾತ್ರ ಹಾಕಬೇಡಿ, ಹಾಕಲೂ ಬಿಡಬೇಡಿ. ಅಲ್ಲಿಂದ ಅದು ಎಲ್ಲಿಗೆ ಫಾರ್ವರ್ಡ್ ಆಗುತ್ತದೆ ಅನ್ನುವುದು ಯಾರ ಕೈಯಲ್ಲೂ ಇಲ್ಲ.

ಮನೆಯಲ್ಲಿ ಹೊಡೆತ, ದೌರ್ಜನ್ಯ, ಮಕ್ಕಳಿಗೆ ಅಪಾಯ ಇದ್ದರೆ ಮೇಲಿನ ಮಾತು ಅನ್ವಯಿಸುವುದಿಲ್ಲ. ಅಂಥದ್ದನ್ನು ಗುಟ್ಟಾಗಿ ಸಭೆಯೊಳಗೇ ಇಟ್ಟುಕೊಂಡು ಪ್ರಾರ್ಥನೆಯಲ್ಲಿ ಮುಗಿಸಬಾರದು. ಹೊರಗಿನ ರಕ್ಷಣೆ, ಪೊಲೀಸು, ವೈದ್ಯರು, ವಕೀಲರು ಬೇಕು. ಸುಮ್ಮನಿರಿ ಅಂತ ಸಭೆಯವರೇ ಹೇಳಿದರೂ ಕೇಳಬೇಡಿ.

ಹಣದ ಸಹಾಯ ಕೇಳುವುದು ಹೇಗೆ? ನಾಚಿಕೆ ಆಗುತ್ತದೆ.

ಹಣಕ್ಕೆ ನಾಚಿಕೆ ಜಾಸ್ತಿ, ನಿಜ. ಆದರೆ ಸಭೆಯ ಪೆಟ್ಟಿಗೆ ಹುಟ್ಟಿದ್ದೇ ಇದಕ್ಕೆ. ಸುಮಾರು ಕ್ರಿ.ಶ. 155ರಲ್ಲಿ ರೋಮಿನಲ್ಲಿದ್ದ ಕ್ರೈಸ್ತ ಲೇಖಕ ಜಸ್ಟಿನ್ ಬರೆದ ಪ್ರಕಾರ, ಭಾನುವಾರ ಕೂಡಿದ ಕಾಣಿಕೆ ಸಭೆಯ ಮುಖ್ಯಸ್ಥರ ಹತ್ತಿರ ಇರುತ್ತಿತ್ತು. ಅದು ಅನಾಥರಿಗೆ, ವಿಧವೆಯರಿಗೆ, ಕಾಯಿಲೆಯವರಿಗೆ, ಸೆರೆಯಲ್ಲಿದ್ದವರಿಗೆ, ಪರದೇಶಿಗಳಿಗೆ ಹೋಗುತ್ತಿತ್ತು. ಸುಮಾರು 197ರಲ್ಲಿ ಉತ್ತರ ಆಫ್ರಿಕಾದ ಕಾರ್ಥೇಜಿನ ಲೇಖಕ ತೆರ್ತುಲಿಯನ್ ಇನ್ನೂ ಬಿಡಿಸಿ ಹೇಳಿದ. ತಿಂಗಳಿಗೊಮ್ಮೆ ಮನಸ್ಸಿದ್ದವರು ಆದಷ್ಟು ಹಾಕುತ್ತಾರೆ, ಬಲವಂತ ಇಲ್ಲ. ಬಡವರ ಊಟಕ್ಕೆ, ಬಡವರು ತೀರಿಕೊಂಡರೆ ಹೂಳುವುದಕ್ಕೆ, ತಂದೆತಾಯಿ ಇಲ್ಲದ ಮಕ್ಕಳಿಗೆ, ವಯಸ್ಸಾದವರಿಗೆ, ಹಡಗು ಒಡೆದು ಎಲ್ಲ ಕಳೆದುಕೊಂಡವರಿಗೆ ಅದು ಖರ್ಚಾಗುತ್ತದೆ ಅಂತ. ಸುಮಾರು 251ರಲ್ಲಿ ರೋಮಿನ ಬಿಷಪ್ ಕೊರ್ನೇಲಿಯಸ್ ಬರೆದ ಪತ್ರದಲ್ಲಿ ಆ ಸಭೆ 1,500ಕ್ಕೂ ಹೆಚ್ಚು ವಿಧವೆಯರನ್ನೂ ಕಷ್ಟದಲ್ಲಿದ್ದವರನ್ನೂ ನೋಡಿಕೊಳ್ಳುತ್ತಿತ್ತು ಅಂತಿದೆ. ಕಟ್ಟಡ, ಮೈಕು, ಕುರ್ಚಿ ಎಲ್ಲ ಆಮೇಲೆ ಬಂದವು. ತಗೊಳ್ಳುವವರು ಮೊದಲಿನಿಂದಲೂ ಇದ್ದರು.

ಕೇಳುವ ರೀತಿಗೆ ಬರೋಣ. ಎಷ್ಟು ಬೇಕು, ಯಾವುದಕ್ಕೆ, ಯಾವ ತಾರೀಕಿನೊಳಗೆ ಅಂತ ಹೇಳಿ. ಬಾಡಿಗೆ, ಶಾಲೆ ಫೀಸು, ಆಸ್ಪತ್ರೆ ಬಿಲ್ ಇಂಥದ್ದಾದರೆ ಹಣ ನೇರವಾಗಿ ಅಲ್ಲಿಗೇ ಕಟ್ಟಲು ಹೇಳಬಹುದು. ಇದರಲ್ಲಿ ಅವಮಾನ ಏನಿಲ್ಲ. ನಿಮಗೂ ಲೆಕ್ಕ ಹೇಳುವ ತಲೆನೋವು ಇರುವುದಿಲ್ಲ. ಸಾಧ್ಯವಾದರೆ ಒಬ್ಬ ವ್ಯಕ್ತಿಯ ಜೇಬಿನಿಂದ ತಗೊಳ್ಳದೆ ಸಭೆಯ ನಿಧಿಯಿಂದಲೇ ತಗೊಳ್ಳಿ. ಒಬ್ಬರಿಂದ ತಗೊಂಡರೆ ಪ್ರತಿ ಭಾನುವಾರ ಆ ಮುಖ ನೋಡುವಾಗ ಹಣ ನೆನಪಾಗುತ್ತದೆ.

ಸಾಲವೋ, ದಾನವೋ? ಮೊದಲೇ ಕೇಳಿ ಸ್ಪಷ್ಟ ಮಾಡಿಕೊಳ್ಳಿ, ಒಂದು ಕಾಗದದಲ್ಲಿ ಬರೆಯಿಸಿ. ಸ್ನೇಹಿತರ ನಡುವೆ ಕಾಗದ ಯಾಕೆ ಅಂತ ಕೆಲವರು ಬೇಜಾರು ಮಾಡಿಕೊಳ್ಳುತ್ತಾರೆ. ಆದರೂ ಬರೆಯಿಸಿ. ಕೊಟ್ಟವರು ಸಾಲ ಅಂದುಕೊಂಡು, ತಗೊಂಡವರು ದಾನ ಅಂದುಕೊಂಡು ಎರಡು ಕುಟುಂಬ ಬೇರೆ ಬೇರೆ ಸಾಲಿನಲ್ಲಿ ಕೂರುವುದಕ್ಕಿಂತ ಅದು ವಾಸಿ. ಯೆರೂಸಲೇಮಿನ ಹಣವನ್ನು ಸಾಗಿಸುವಾಗ ಯಾರೂ ತಪ್ಪು ಎಣಿಸದ ಹಾಗೆ ಪೌಲನು ಬೇರೆ ಸಹೋದರರನ್ನೂ ಜೊತೆಗೆ ಹಾಕಿದ (2 ಕೊರಿಂಥ 8:18-21). ಅಪೊಸ್ತಲನಿಗೇ ಸಾಕ್ಷಿಗಳು ಬೇಕಾಗಿತ್ತು ಅಂದಮೇಲೆ ನಮಗೆ ಕಾಗದ ಬೇಡ್ವಾ?

ತಗೊಂಡದ್ದನ್ನು ತೀರಿಸುವುದು ಹೇಗೆ? ಋಣ ತಲೆ ಮೇಲೆ ಕೂತ ಹಾಗಿದೆ.

ಸಾಲ ಅಂತ ತಗೊಂಡಿದ್ದರೆ ತೀರಿಸಿ. ದಾನವಾಗಿ ಬಂದದ್ದನ್ನು ತೀರಿಸಲು ಹೋಗಬೇಡಿ.

ಅರಾಮ್ಯರ ಸೇನಾಪತಿ ನಾಮಾನನು ಕುಷ್ಠ ವಾಸಿಯಾದ ಮೇಲೆ, ವಾಸಿಯಾಗುವ ದಾರಿ ಹೇಳಿಕೊಟ್ಟ ಪ್ರವಾದಿ ಎಲೀಷನಿಗೆ ಉಡುಗೊರೆ ಕೊಡಲು ಬಂದ. ಹತ್ತು ತಲಾಂತು ಬೆಳ್ಳಿ, ಆರು ಸಾವಿರ ಬಂಗಾರದ ನಾಣ್ಯ, ಹತ್ತು ಜೊತೆ ಬಟ್ಟೆ ಹೊರಡುವಾಗಲೇ ಕಟ್ಟಿಕೊಂಡಿದ್ದ. ಎಲೀಷನು ಏನನ್ನೂ ಮುಟ್ಟಲಿಲ್ಲ. ದೊಡ್ಡ ಮನುಷ್ಯ ಅನ್ನಿಸಿಕೊಂಡವನಿಗೆ ಪುಕ್ಕಟೆ ವಾಸಿಯಾಗಿ ಬರಿ ಥ್ಯಾಂಕ್ಸ್ ಹೇಳಿ ಹೋಗುವುದು ಎಷ್ಟು ಕಷ್ಟ ಆಗಿರಬೇಕು! ಹಿಂದೆಯೇ ಓಡಿಹೋಗಿ ಬೆಳ್ಳಿ, ಬಟ್ಟೆ ಕೇಳಿ ತಂದ ಎಲೀಷನ ಆಳು ಗೇಹಜಿಗೆ ಏನಾಯಿತು ಅನ್ನುವುದೂ ಅದೇ ಅಧ್ಯಾಯದಲ್ಲಿದೆ (2 ಅರಸು 5).

ಥ್ಯಾಂಕ್ಸ್ ಹೇಳುವುದನ್ನು ಪೌಲನಿಂದ ಕಲಿಯಬಹುದು. ಸೆರೆಯಲ್ಲಿದ್ದಾಗ ಫಿಲಿಪ್ಪಿಯ ಸಭೆ ಎಪಫ್ರೊದೀತನ ಕೈಯಲ್ಲಿ ಕಳಿಸಿದ್ದು ಬಂದು ಮುಟ್ಟಿತು. ಅವನು ಬರೆದ ಉತ್ತರದಲ್ಲಿ (ಫಿಲಿಪ್ಪಿ 4) ಬಂದದ್ದು ಮುಟ್ಟಿದೆ ಅಂತ ಇದೆ. ನನ್ನ ಕಷ್ಟದಲ್ಲಿ ಪಾಲು ತಗೊಂಡಿರಿ, ಒಳ್ಳೆಯದು ಮಾಡಿದಿರಿ ಅಂತ ಇದೆ. ಹಿಂದೆ ಥೆಸಲೊನೀಕದಲ್ಲಿದ್ದಾಗಲೂ ಕಳಿಸಿದ್ದಿರಿ ಅನ್ನುವ ನೆನಪು ಇದೆ. ನಾನು ತಿರುಗಿ ಕೊಡುತ್ತೇನೆ ಅಂತ ಎಲ್ಲೂ ಇಲ್ಲ. ನನ್ನಿಂದ ನಿಮಗೆ ತೊಂದರೆ ಆಯಿತು, ಕ್ಷಮಿಸಿ ಅಂತಲೂ ಇಲ್ಲ. ನಮ್ಮ ಥ್ಯಾಂಕ್ಸ್‌ನಲ್ಲಿ ಅರ್ಧ ಭಾಗ ಕ್ಷಮಾಪಣೆಯೇ ಇರುತ್ತದೆ, ಅಲ್ವಾ? ಅದನ್ನು ಕೇಳಿ ಕೇಳಿ ಕೊಟ್ಟವರಿಗೆ ಸುಸ್ತಾಗುತ್ತದೆ.

ನಾನು ಸಭೆಯಲ್ಲಿ ಮುಂದಾಳು. ನಾನೇ ಕೇಳಿದರೆ ಜನ ಏನಂದುಕೊಳ್ಳುತ್ತಾರೆ?

ಪಾಸ್ಟರ್, ಅವರ ಹೆಂಡತಿ, ಭಾನುವಾರ ಶಾಲೆಯ ಟೀಚರ್, ಹಾಡಿನ ತಂಡದವರು, ಇವರಿಂದ ಈ ಪ್ರಶ್ನೆ ಬಹಳ ಬರುತ್ತದೆ. ಇವರೇ ಎಲ್ಲರಿಗಿಂತ ಕೊನೆಗೆ ಕೇಳುವವರು.

ಅಮಾಲೇಕ್ಯರ ಯುದ್ಧದಲ್ಲಿ, ತನ್ನ ಜನ ಗೆಲ್ಲಲಿ ಅಂತ ಎತ್ತಿ ಹಿಡಿದಿದ್ದ ಮೋಶೆಯ ಕೈ ಸೋತುಹೋಯಿತು. ಆರೋನನೂ ಹೂರನೂ ಮೊದಲು ಅವನ ಕೆಳಗೆ ಒಂದು ಕಲ್ಲು ಇಟ್ಟು ಕೂರಿಸಿದರು. ಆಮೇಲೆ ಆಚೆಗೊಬ್ಬ ಈಚೆಗೊಬ್ಬ ನಿಂತು ಹೊತ್ತು ಮುಳುಗುವವರೆಗೆ ಕೈ ಹಿಡಿದರು (ವಿಮೋಚನಕಾಂಡ 17:12). ಕೈ ಹಿಡಿಯುವ ಚಿತ್ರವನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ನನಗೆ ಆ ಕಲ್ಲು ಇಷ್ಟ. ಮುಂದಾಳನ್ನು ಮೊದಲು ಕೂರಿಸಬೇಕು ಅಂತ ಯಾರಿಗೋ ಹೊಳೆಯಿತು, ಅವನೂ ಕೂತ. ಬೆಟ್ಟದ ಮೇಲೆ, ಯುದ್ಧದ ನಡುವೆ.

ಪೇತ್ರನ ಕಥೆ ಇನ್ನೊಂದು ತರಹ. ಶಿಷ್ಯರ ಕಾಲು ತೊಳೆಯುತ್ತಾ ಬಂದ ಯೇಸುವಿಗೆ, ನನ್ನ ಕಾಲು ನೀನು ಎಂದಿಗೂ ತೊಳೆಯಬಾರದು ಅಂದ. ತೊಳೆಯದಿದ್ದರೆ ನನ್ನಲ್ಲಿ ನಿನಗೆ ಪಾಲಿಲ್ಲ ಅಂತ ಯೇಸು ಅಂದಾಗ, ಹಾಗಾದರೆ ಕೈ ತಲೆ ಎಲ್ಲ ತೊಳೆ ಅಂದ (ಯೋಹಾನ 13). ಮುಂದಾಳುಗಳು ಹೀಗೇ. ಒಂದೋ ಏನೂ ಬೇಡ, ಇಲ್ಲವೋ ಕುಸಿದು ಬಿದ್ದಾಗ ಎಲ್ಲವೂ ಬೇಕು. ಯೇಸು ಕೇಳಿದ್ದು ಕಾಲು ಮಾತ್ರ.

ಎಲ್ಲರ ಮುಂದೆ ಎಲ್ಲವನ್ನೂ ಬಿಚ್ಚಿಡಬೇಕು ಅಂತೇನಿಲ್ಲ. ಸೆರೆಸಿಕ್ಕುವ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು ಹನ್ನೊಂದು ಶಿಷ್ಯರಲ್ಲಿ ಮೂವರನ್ನು ಮಾತ್ರ ಒಳಗೆ ಕರೆದುಕೊಂಡು ಹೋಗಿ, ಎಚ್ಚರವಾಗಿರಿ ಅಂತ ಕೇಳಿಕೊಂಡ. ಅವರು ನಿದ್ದೆ ಹೋದರು, ಅದು ಬೇರೆ ಮಾತು. ನಿಮಗೂ ಇಬ್ಬರು ಮೂವರು ಇರಲಿ. ಒಬ್ಬರಾದರೂ ನಿಮ್ಮ ಸಭೆಯ ಹೊರಗಿನವರಾಗಿದ್ದರೆ ಇನ್ನೂ ಒಳ್ಳೆಯದು.

ಗಂಡ ಒಪ್ಪುವುದಿಲ್ಲ. "ನಮ್ಮ ಮನೆ ಮರ್ಯಾದೆ" ಅಂತಾರೆ.

ಅವರಿಗೆ ಗೊತ್ತಿಲ್ಲದೆ ಕೇಳಿ ಆಮೇಲೆ ಮನೆಯಲ್ಲಿ ರಂಪ ಆಗುವುದು ಬೇಡ. ಅವರು ಮಾಡಿಕೊಡುವ ಕೆಲಸ ಯಾವುದಾದರೂ ಇರುತ್ತದೆ. ಸಭೆಯಲ್ಲಿ ವೈರಿಂಗ್ ನೋಡುವುದೋ, ಯಾರನ್ನೋ ಗಾಡಿಯಲ್ಲಿ ಬಿಡುವುದೋ. ಅದನ್ನು ತಗೊಂಡವರ ಮರ್ಯಾದೆ ಹೋಯಿತಾ ಅಂತ ಒಂದು ಸಲ ಕೇಳಿ ನೋಡಿ. ಮೊದಲು ಬಹಳ ಸಣ್ಣದೊಂದು ಸಹಾಯ ಒಪ್ಪಿಸಿ, ಅದೂ ಅವರ ಸ್ನೇಹಿತರ ಕಡೆಯಿಂದ. ಹೆಂಗಸರ ಕೂಟದಿಂದ ಬಂದರೆ ಕೆಲವು ಗಂಡಸರಿಗೆ ಇನ್ನೂ ಬಿಗಿಯುತ್ತದೆ. ಮಕ್ಕಳ ಊಟ, ಔಷಧಿಯಂಥದ್ದಕ್ಕೆ ಮಾತ್ರ ಒಪ್ಪಿಗೆಗಾಗಿ ಕಾಯುತ್ತಾ ಕೂರಬೇಡಿ.

ಸಹಾಯಕ್ಕೆ ಬಂದವರು ಉಪದೇಶ ಶುರು ಮಾಡುತ್ತಾರೆ. ಏನು ಮಾಡಲಿ?

ಎಲ್ಲವನ್ನೂ ಕಳೆದುಕೊಂಡ ಯೋಬನ ಸ್ನೇಹಿತರು ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕೂತರು, ಒಂದು ಮಾತೂ ಆಡಲಿಲ್ಲ. ಅಲ್ಲಿಯವರೆಗೆ ಅವರಷ್ಟು ಒಳ್ಳೆಯವರಿಲ್ಲ. ಬಾಯಿ ತೆರೆದ ಮೇಲೆ ಕೆಟ್ಟಿತು. "ಇವತ್ತು ಮಾತು ಬೇಡ, ಸುಮ್ನೆ ಜೊತೆಗೆ ಕೂತಿರಿ" ಅಂತ ನೀವು ಹೇಳಬಹುದು. "ಇವತ್ತು ಬೇಡ, ಗುರುವಾರ ಬನ್ನಿ" ಅಂತಲೂ ಹೇಳಬಹುದು. ತಗೊಳ್ಳುವವರಿಗೆ ಬೇಡ ಅನ್ನುವ ಹಕ್ಕು ಇದ್ದೇ ಇದೆ. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡರಿಕ್ ಓಜನಾಮ್ ಮತ್ತು ಜೊತೆಗಾರರು ಶುರು ಮಾಡಿದ ಸೇಂಟ್ ವಿನ್ಸೆಂಟ್ ಡಿ ಪಾಲ್ ಸೊಸೈಟಿಯವರು ಬಡವರ ಮನೆ ಭೇಟಿಗೆ ಇಬ್ಬಿಬ್ಬರಾಗಿ ಹೋಗುವ ರೂಢಿ ಇಟ್ಟುಕೊಂಡಿದ್ದಾರೆ. ಒಬ್ಬರು ಅತಿಯಾಗಿ ಮಾತಾಡಿದರೆ ಇನ್ನೊಬ್ಬರು ತಡೆಯಬಹುದು, ಮನೆಯವರಿಗೂ ಧೈರ್ಯ. ನಿಮ್ಮ ಮನೆಗೂ ಇಬ್ಬರು ಬರಲಿ ಅಂತ ಕೇಳುವುದರಲ್ಲಿ ತಪ್ಪಿಲ್ಲ.

ಸಹಾಯ ಮಾಡಿ, ಆಮೇಲೆ ಮುಂದೆ ನಿಂತು ಸಾಕ್ಷಿ ಹೇಳಿ ಅಂತಾರೆ.

ಇಷ್ಟವಿದ್ದರೆ ಹೇಳಿ. ಇಲ್ಲದಿದ್ದರೆ ಬೇಡ. ಫೋಟೊ ಕೂಡ ಅಷ್ಟೇ. ಎಡಗೈಗೆ ಗೊತ್ತಾಗದ ಹಾಗೆ ಬಲಗೈ ಕೊಡಲಿ ಅಂತ ಹೇಳಿದ್ದು ಕೊಡುವವರಿಗೆ. ಸಾಕ್ಷಿ ಹೇಳಿದರೆ ಮಾತ್ರ, ತಪ್ಪದೆ ಕೂಟಕ್ಕೆ ಬಂದರೆ ಮಾತ್ರ, ಇಂಥವರ ಮಾತು ಕೇಳಿದರೆ ಮಾತ್ರ ಸಹಾಯ ಅಂತ ಷರತ್ತು ಬಂದರೆ ಅದು ಸಹಾಯ ಅಲ್ಲ, ವ್ಯಾಪಾರ. ಅಂಥ ಕಡೆ ತಗೊಳ್ಳುವುದನ್ನು ನಿಲ್ಲಿಸಿ, ಬೇರೆ ದಾರಿ ನೋಡಿ.

ಮನಸ್ಸು ಸರಿಯಿಲ್ಲ. ಪ್ರಾರ್ಥನೆ ಸಾಕು, ಡಾಕ್ಟರ್ ಯಾಕೆ ಅಂತಾರೆ.

ಎರಡೂ ಇರಲಿ. ಪೌಲನ ಜೊತೆಗಿದ್ದ ಲೂಕನು ವೈದ್ಯ (ಕೊಲೊಸ್ಸೆ 4:14). ತಿಮೊಥೆಯನ ಹೊಟ್ಟೆನೋವಿಗೆ ಪೌಲನು ಪ್ರಾರ್ಥಿಸು ಅಂತ ಅಷ್ಟೇ ಬರೆಯದೆ, ಸ್ವಲ್ಪ ದ್ರಾಕ್ಷಾರಸ ತಗೊ ಅಂತ ಬರೆದ. ಖಿನ್ನತೆಗೆ ಮನೋವೈದ್ಯರ ಹತ್ತಿರ ಹೋಗಿ. ಸಭೆಯವರು ಜೊತೆಗೆ ಬರಬಹುದು, ಹೊರಗೆ ಕಾಯಬಹುದು, ಮಾತ್ರೆ ನೆನಪಿಸಬಹುದು. ಮಾತ್ರೆ ನಿಲ್ಲಿಸು ಅಂತ ಹೇಳುವ ಅಧಿಕಾರ ಅವರಿಗಿಲ್ಲ. ಸಾಯುವ ಯೋಚನೆ ಬರುತ್ತಿದ್ದರೆ ಭಾನುವಾರದವರೆಗೆ ಕಾಯಬೇಡಿ, ಈಗಲೇ ಒಬ್ಬರಿಗೆ ಫೋನ್ ಮಾಡಿ ಆಸ್ಪತ್ರೆಗೆ ಹೋಗಿ.

ಧೈರ್ಯ ಮಾಡಿ ಕೇಳಿದೆ. ಯಾರೂ ಬರಲಿಲ್ಲ.

ಹೀಗೂ ಆಗುತ್ತದೆ. ಇದಕ್ಕೆ ಸಮಾಧಾನದ ಮಾತು ಹೇಳಿ ಮುಚ್ಚಿಹಾಕುವುದು ನನಗೆ ಇಷ್ಟವಿಲ್ಲ. ನೋವಾಗುತ್ತದೆ, ಆಗಬೇಕಾದ್ದೇ.

ಆದರೆ ಇನ್ನೊಂದು ಸಲ ಕೇಳಿ, ಬೇರೆ ರೀತಿಯಲ್ಲಿ. ಗುಂಪಿಗೆ ಕೇಳಿದ್ದಿದ್ದರೆ ಒಬ್ಬರನ್ನು ಹೆಸರಿಟ್ಟು ಕೇಳಿ. ನೂರು ಜನರಿಗೆ ಹೇಳಿದರೆ ಪ್ರತಿಯೊಬ್ಬರೂ ಉಳಿದ ತೊಂಬತ್ತೊಂಬತ್ತು ಜನ ನೋಡಿಕೊಳ್ಳುತ್ತಾರೆ ಅಂದುಕೊಳ್ಳುತ್ತಾರೆ. ಸೂಚನೆ ಕೊಟ್ಟು ಬಿಟ್ಟಿದ್ದರೆ ಬಾಯಿಬಿಟ್ಟು ಹೇಳಿ. ಬಹಳ ಜನ ಕೇಳಿದೆವು ಅಂದುಕೊಂಡಿರುತ್ತಾರೆ, ಆದರೆ ಆಡಿದ ಮಾತು "ಈಚೆಗೆ ಸ್ವಲ್ಪ ಸುಸ್ತು" ಅಂತ ಮಾತ್ರ. ಎರಡನೇ ಸಲವೂ ಆಗದಿದ್ದರೆ ಹಿರಿಯರಲ್ಲಿ ಒಬ್ಬರ ಹತ್ತಿರ ಕೂತು, ಕೇಳಿದೆ, ಸಿಗಲಿಲ್ಲ ಅಂತ ಹೇಳಿ. ಮೊದಲ ಸಭೆಯ ಆ ವಿಧವೆಯರ ಗೊಣಗಾಟ ಮೇಲಿನವರ ಕಿವಿಗೆ ಬೀಳದೇ ಇದ್ದಿದ್ದರೆ ಏಳು ಜನರ ನೇಮಕವೇ ಆಗುತ್ತಿರಲಿಲ್ಲ. ಆಮೇಲೂ ಏನೂ ಬದಲಾಗದಿದ್ದರೆ ನೆಂಟರು, ಪಕ್ಕದ ಮನೆಯವರು, ಬೇರೆ ಸಭೆ, ಸರ್ಕಾರದ ಸವಲತ್ತು, ಎಲ್ಲವೂ ಇವೆ. ಪ್ರವಾದಿ ಎಲೀಯನಿಗೆ ಬರಗಾಲದಲ್ಲಿ ಊಟ ಸಿಕ್ಕಿದ್ದು ತನ್ನ ಜನರ ಮನೆಯಲ್ಲಲ್ಲ, ಸೀದೋನಿನ ಕಡೆಯ ಒಬ್ಬ ಬಡ ವಿಧವೆಯ ಮನೆಯಲ್ಲಿ.

ಎಷ್ಟು ದಿನ ತಗೊಳ್ಳಬಹುದು? ನಿಲ್ಲಿಸುವುದು ಹೇಗೆ?

ಶುರು ಮಾಡುವಾಗಲೇ ಒಂದು ತಾರೀಕು ಇಟ್ಟುಕೊಳ್ಳಿ. "ಮುಂದಿನ ತಿಂಗಳ ಕೊನೆಗೆ ಮತ್ತೆ ಕೂತು ನೋಡೋಣ." ಆಗ ಕೊಡುವವರಿಗೂ ಕೊನೆ ಕಾಣುತ್ತದೆ, ನಿಮಗೂ ಪ್ರತಿದಿನ ಇನ್ನು ಸಾಕು ಅನ್ನಬೇಕಾ ಅನ್ನುವ ಕಿರಿಕಿರಿ ಇರುವುದಿಲ್ಲ. ಆ ದಿನ ಇನ್ನೂ ಬೇಕು ಅನಿಸಿದರೆ ಹೇಳಿ. ಇಸ್ರಾಯೇಲ್ಯರಿಗೆ ಕಾನಾನ್ ದೇಶದ ಬೆಳೆ ಕೈಗೆ ಬಂದ ಮರುದಿನ, ದಾರಿಯುದ್ದಕ್ಕೂ ದೇವರು ಕೊಡುತ್ತಿದ್ದ ಆಹಾರ ಮನ್ನ ನಿಂತಿತು (ಯೆಹೋಶುವ 5:12), ಅದಕ್ಕೆ ಮೊದಲು ಅಲ್ಲ. ಬಹಳ ಜನ ನಾಚಿಕೆಗೆ ಬೇಗ ನಿಲ್ಲಿಸಿ, ಮತ್ತೆ ಬಿದ್ದು, ಎರಡನೇ ಸಲ ಕೇಳಲಾರದೆ ಒದ್ದಾಡುತ್ತಾರೆ.

ವಯಸ್ಸು, ಅಂಗವೈಕಲ್ಯ, ವಾಸಿಯಾಗದ ಕಾಯಿಲೆ ಇದ್ದರೆ ಕೊನೆ ತಾರೀಕು ಇರುವುದಿಲ್ಲ. ಆಗ ಬದಲಾಯಿಸಬೇಕಾದ್ದು ಜನರನ್ನು. ಒಬ್ಬರೇ ವರ್ಷಗಟ್ಟಲೆ ಮಾಡುವ ಬದಲು ಸರದಿ ಹಾಕಲು ಹೇಳಿ.

ನನಗೆ ಸಹಾಯ ಮಾಡಿದವರ ಮಾತನ್ನು ಸಭೆಯ ಮೀಟಿಂಗಿನಲ್ಲಿ ವಿರೋಧಿಸಬಹುದಾ?

ವಿರೋಧಿಸಿ. ಊಟ ಕಳಿಸಿದವರು ನಿಮ್ಮ ಓಟನ್ನು ಕೊಂಡುಕೊಂಡಿಲ್ಲ. ಲೆಕ್ಕದಲ್ಲಿ ಪ್ರಶ್ನೆ ಇದ್ದರೆ ಕೇಳಿ, ಒಪ್ಪದಿದ್ದರೆ ಒಪ್ಪುವುದಿಲ್ಲ ಅನ್ನಿ. ಮೀಟಿಂಗಿಗೆ ಮೊದಲು ಅವರಿಗೆ ಒಂದು ಮಾತು ತಿಳಿಸಿದರೆ ಸಾಕು: "ಈ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ, ನಾಳೆ ಹೇಳುತ್ತೇನೆ." ಸಿಟ್ಟಾಗಿ ಊಟ ನಿಲ್ಲಿಸಿದರೆ ಪಟ್ಟಿ ಇಟ್ಟುಕೊಂಡಿರುವ ಸ್ನೇಹಿತರಿಗೆ ಹೇಳಿ, ಆ ದಿನಕ್ಕೆ ಬೇರೆಯವರನ್ನು ಹಾಕುತ್ತಾರೆ.